ಒಳತೊಡೆಯ ಹುರಿ ಎಳೆದುಕೊಂಡಾಗ

ಪ್ರಶ್ನೆ: ಅಡಿಕೆ ಕೊನೆ ಕೊಯ್ಯುವ ಕೆಲಸ ನನ್ನದು. ತಿಂಗಳಿಂದ ಬಲತೊಡೆಯ ಒಳಬದಿ, ಸಂದಿಯ ಹತ್ತಿರ ನೋವು. ಮರ ಬಿಗಿಹಿಡಿದಾಗ ಜಾಸ್ತಿ. ದಿನಾ ಎಣ್ಣೆ ತಿಕ್ಕಿ, ಕಾಲು ಅಗಲಿಸಿ ಎಳೆಯುತ್ತೇನೆ. ಹೋಗುತ್ತಿಲ್ಲ.
– ಓದುಗ, ಶಿರಸಿ

ಉತ್ತರ: ಆ ಎಳೆತವೇ ನೋವನ್ನು ಉಳಿಸಿಕೊಂಡಿರಬಹುದು. ಮೊದಲು ಅದನ್ನು ನಿಲ್ಲಿಸಿ.

ತೊಡೆಗಳನ್ನು ಒಟ್ಟಿಗೆ ತರುವ ಮುಖ್ಯ ಸ್ನಾಯುಗಳು ಐದು: ಪೆಕ್ಟಿನಿಯಸ್, ಅಡಕ್ಟರ್ ಲಾಂಗಸ್, ಬ್ರೆವಿಸ್, ಮ್ಯಾಗ್ನಸ್, ಗ್ರಾಸಿಲಿಸ್. ಪೆಟ್ಟು ಹೆಚ್ಚಾಗಿ ಬೀಳುವುದು ಲಾಂಗಸ್‌ಗೆ. ಕುಳಿತು ಮೊಣಕಾಲು ಹೊರಗೆ ಬಾಗಿಸಿ, ಅದರ ಒಳಬದಿಗೆ ಕೈಯೊತ್ತಿ, ಕೈಗೆ ಎದುರಾಗಿ ಕಾಲನ್ನು ಒಳಗೆ ತಳ್ಳಿ. ಸಂದಿಯ ಹತ್ತಿರ ಹಗ್ಗದಂತೆ ಎದ್ದು ನಿಲ್ಲುತ್ತದಲ್ಲ, ಅದೇ ಲಾಂಗಸ್‌ನ ಹುರಿ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್. ಈ ಸ್ನಾಯು ಜಘನಾಸ್ಥಿಯಿಂದ (ಕಿಬ್ಬೊಟ್ಟೆಯ ಕೆಳಗಿನ, ಮುಂಬದಿಯ ಮೂಳೆ) ಸಣ್ಣ ಹುರಿಯಾಗಿ ಹೊರಟು, ಬೀಸಣಿಗೆಯಂತೆ ಅಗಲವಾಗಿ, ತೊಡೆಮೂಳೆಯ ಹಿಂಬದಿಯ ಉಬ್ಬುಗೆರೆಗೆ ನಡುಭಾಗದಲ್ಲಿ ಅಂಟುತ್ತದೆ. ಅಗಲವಾದ ಮಾಂಸದ ಬಲವೆಲ್ಲ ಮೇಲೆ ಆ ಕಿರಿದಾದ ಹುರಿಯ ಮೇಲೆ ಬೀಳುವುದರಿಂದ ನೋವು ಮೂಳೆಯ ಹತ್ತಿರವೇ ಕೂರುತ್ತದೆ. ಪಾದಗಳಿಗೆ ತಳೆ (ಕುಣಿಕೆ) ಹಾಕಿ ಮರ ಹತ್ತುವಾಗ ತೊಡೆಗಳು ಬಿಗಿಹಿಡಿದೇ ಇರುತ್ತವೆ. ಅಡಿಕೆಗೊನೆಯತ್ತ ಕೈ ಚಾಚಿ ಮೈ ವಾಲಿಸಿದಾಗ ಬಿಗಿದ ಸ್ನಾಯುವೇ ಉದ್ದವಾಗಬೇಕಾಗುತ್ತದೆ. ಹುರಿಗೆ ಅದು ಸೇರದು.

ಮಾಡಬೇಕಾದದ್ದು: ಅಂಗಾತ ಮಲಗಿ ಮೊಣಕಾಲು ಮಡಚಿ, ನಡುವೆ ಮಡಚಿದ ದಿಂಬು ಇಟ್ಟು, ನೋವು 10ರಲ್ಲಿ 3 ದಾಟದಷ್ಟು ಒತ್ತಿ ಹಿಡಿಯಿರಿ. 30 ಸೆಕೆಂಡಿನಂತೆ 5 ಸಲ, ದಿನಕ್ಕೊಮ್ಮೆ. ಮರುದಿನ ಬೆಳಿಗ್ಗೆ ನೋವು ಹೆಚ್ಚಿದ್ದರೆ ಒತ್ತು ತಗ್ಗಿಸಿ. ಎರಡು ವಾರದಲ್ಲಿ ಹಗುರವಾದರೆ ಬಲಮಗ್ಗುಲಿಗೆ ಮಲಗಿ ಕೆಳಗಿನ ಕಾಲನ್ನು ಮೇಲೆತ್ತುವ ಅಭ್ಯಾಸಕ್ಕೆ ಬನ್ನಿ, 10ರಂತೆ 3 ಸುತ್ತು. ಎಣ್ಣೆ ಹಿತ ಕೊಡುತ್ತದೆ, ಹುರಿಯನ್ನು ಗಟ್ಟಿ ಮಾಡುವುದಿಲ್ಲ. ಪೂರ್ತಿ ಬಲದಿಂದ ಒತ್ತಿದರೂ ನೋವಿಲ್ಲದ ಮೇಲೆ, ಗಿಡ್ಡ ಮರಗಳಿಂದ, ದಿನಕ್ಕೆ ಕೆಲವೇ ಮರಗಳಿಂದ ಶುರುಮಾಡಿ. ಕೊಯ್ಲಿನ ಗಡಿಬಿಡಿಯಲ್ಲಿ ತಪ್ಪುವುದು ಇಲ್ಲೇ: ನೋವು ಅರ್ಧ ಇಳಿದ ದಿನವೇ ಇಡೀ ತೋಟ ಹತ್ತುತ್ತಾರೆ.

ಕೆಮ್ಮಿದಾಗ ಸಂದಿಯಲ್ಲಿ ಗಂಟು ಉಬ್ಬಿದರೆ ಅದು ಹರ್ನಿಯಾ ಇರಬಹುದು. ವೃಷಣದ ನೋವು, ಜ್ವರ, ಅಥವಾ ಏಕಾಏಕಿ 'ಟಪ್' ಎಂದು ನೀಲಿಗಟ್ಟಿದ್ದರೆ ಕಾಯದೆ ವೈದ್ಯರ ಬಳಿ ಹೋಗಿ. ಎಕ್ಸ್‌ರೇಯಲ್ಲಿ ಸ್ನಾಯು ಹರಿದದ್ದು ಕಾಣದು. ಅದಕ್ಕೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕು.

ಪ್ರಶ್ನೆ: ಕಬಡ್ಡಿಯಲ್ಲಿ ಬೋನಸ್ ಗೆರೆಗೆ ಕಾಲು ಚಾಚಿದಾಗೆಲ್ಲ ಒಳತೊಡೆ ಎಳೆದುಕೊಳ್ಳುತ್ತದೆ. ತಡೆಯಲು ಏನು ಮಾಡಲಿ?
– ಆಟಗಾರ, ಕುಮಟಾ

ಉತ್ತರ: ಹಳೆಯ ನೋವು ಪೂರ್ತಿ ಹೋದ ಮೇಲೆ ಕೋಪನ್‌ಹೇಗನ್ ಅಭ್ಯಾಸ ಮಾಡಿ. ಮಗ್ಗುಲಾಗಿ ಮೊಣಕೈ ಊರಿ, ಮೇಲಿನ ಕಾಲನ್ನು ಬೆಂಚಿನ ಮೇಲಿಟ್ಟು, ಸೊಂಟ ಎತ್ತಿ, ಕೆಳಗಿನ ಕಾಲನ್ನು ಅದರತ್ತ ತನ್ನಿ. ಆರಂಭದಲ್ಲಿ ಬೆಂಚು ಮೊಣಕಾಲಿನ ಕೆಳಗಿರಲಿ. ಪಾದಕ್ಕೆ ಒಮ್ಮೆಲೇ ಹೋದರೆ ಸನ್ನೆಕೋಲಿನ ಉದ್ದ ಹೆಚ್ಚಿದಂತಾಗಿ ಹುರಿ ಮುನಿಯುತ್ತದೆ. ವಾರಕ್ಕೆ 2 ದಿನ, ಪ್ರತಿ ಬದಿಗೆ 5ರಿಂದ 8. 2019ರಲ್ಲಿ ಪ್ರಕಟವಾದ ನಾರ್ವೆ ಫುಟ್‌ಬಾಲಿಗರ ಅಧ್ಯಯನದಲ್ಲಿ ಈ ಅಭ್ಯಾಸದಿಂದ ತೊಡೆಸಂದಿನ ತೊಂದರೆಯ ಅಪಾಯ ಶೇ. 41ರಷ್ಟು ತಗ್ಗಿತ್ತು.

ಪ್ರಶ್ನೆ: ಯಕ್ಷಗಾನದಲ್ಲಿ ಮಂಡಿ ಹಾಕಿದ ಮರುದಿನ ಮೊಣಕಾಲಿನ ಒಳಗಡೆ, ಕೀಲಿಗಿಂತ ಸ್ವಲ್ಪ ಕೆಳಗೆ ಉರಿ. ಇದೂ ಒಳತೊಡೆಯದೇ?
– ಕಲಾವಿದ, ಹೊನ್ನಾವರ

ಉತ್ತರ: ಹೌದು, ಸಾಧ್ಯ. ಮೊದಲ ಉತ್ತರದಲ್ಲಿ ಹೇಳಿದ ಐದು ಸ್ನಾಯುಗಳಲ್ಲಿ ಮೊಣಕಾಲು ದಾಟುವುದು ಗ್ರಾಸಿಲಿಸ್ ಒಂದೇ. ಸಾರ್ಟೋರಿಯಸ್, ಸೆಮಿಟೆಂಡಿನೋಸಸ್ ಎಂಬ ತೊಡೆಯ ಬೇರೆರಡು ಸ್ನಾಯುಗಳ ಜೊತೆ ಅದು ಕಣಕಾಲಿನ ಒಳಬದಿಗೆ ಬಾತುಕೋಳಿಯ ಪಾದದಂತೆ ಅಂಟುತ್ತದೆ. ಅದರಡಿಯ ದ್ರವದ ಚೀಲ ಊದಿದರೆ ನೀವು ಹೇಳಿದ ಜಾಗದಲ್ಲೇ ಉರಿ. ಅಭ್ಯಾಸದ ವೇಳೆ ಚಾಪೆ ಹಾಸಿ, ಒಂದೆರಡು ವಾರ ಮಂಡಿಯ ಸುತ್ತು ಕಡಿಮೆ ಮಾಡಿ, ಕೊನೆಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ 15 ನಿಮಿಷ ಇಡಿ. ನೋವು ಕೀಲಿನ ಸಾಲಿನಲ್ಲೇ ಇದ್ದು ಮೊಣಕಾಲು ಸಿಕ್ಕಿಹಾಕಿಕೊಂಡಂತೆ ಆದರೆ ತೊಂದರೆ ಕೀಲಿನೊಳಗಿನ ಮೆತ್ತೆಯಾದ ಮೆನಿಸ್ಕಸ್‌ನದಿರಬಹುದು, ಆಗ ಮೂಳೆತಜ್ಞರಿಗೆ ತೋರಿಸಿ.