ಹುಬ್ಬಳ್ಳಿಯಲ್ಲಿ ಶೆಲ್ಟರ್‌ನಿಂದ ನಾಯಿ ದತ್ತು ತರುವಾಗ ಅಲ್ಲಿ ಏನು ನೋಡಬೇಕು, ಏನು ಕೇಳಬೇಕು?

ನಿಮ್ಮ ಪ್ರಶ್ನೆಯ ಪ್ರಕಾರ ಪರಿಸ್ಥಿತಿ ಹೀಗಿದೆ: ವಿದ್ಯಾನಗರದಲ್ಲಿ ಬಾಡಿಗೆಗೆ ಹಿಡಿದ ಮಹಡಿ ಮನೆ, ಗಂಡ ಹೆಂಡತಿ ಇಬ್ಬರಿಗೂ ನೌಕರಿ, ಎಂಟು ವರ್ಷದ ಮಗಳು, ಹಗಲು ಹೊತ್ತು ಮನೆಯಲ್ಲಿ ಅತ್ತೆಯವರು ಒಬ್ಬರೇ, ಅವರಿಗೆ ಮೊಣಕಾಲು ನೋವು. ಶೆಲ್ಟರ್‌ನಿಂದ ಒಂದು ನಾಯಿಮರಿ ತರಬೇಕು ಅಂದುಕೊಂಡಿದ್ದೀರಿ.

ಮರಿ ಬೇಡ. ಒಂದೂವರೆಯಿಂದ ನಾಲ್ಕು ವರ್ಷದೊಳಗಿನ, ಹದಿನೈದು ಕಿಲೋ ಆಸುಪಾಸಿನ ಊರನಾಯಿ ತನ್ನಿ. ಎರಡು ತಿಂಗಳ ಮರಿಯನ್ನು ಎರಡು ತಾಸಿಗೊಮ್ಮೆ ಉಚ್ಚೆಗೆ ಕರೆದೊಯ್ಯಬೇಕು. ಮಹಡಿ ಮನೆಯಲ್ಲಿ ಆ ಕೆಲಸವೆಲ್ಲ ಅತ್ತೆಯವರ ಮೊಣಕಾಲಿನ ಮೇಲೆ ಬೀಳುತ್ತದೆ. ಲಸಿಕೆಯ ಸರಣಿ ಮುಗಿಯುವ ತನಕ, ಅಂದರೆ ಸುಮಾರು ನಾಲ್ಕು ತಿಂಗಳಾಗುವ ತನಕ, ಅದನ್ನು ಬೀದಿಯ ಮಣ್ಣಿನಲ್ಲಿ ಇಳಿಸುವುದು ಅಪಾಯ. ಹಲ್ಲು ಬರುವ ಕಾಲಕ್ಕೆ ಮಗುವಿನ ಕೈಕಾಲು ಕಚ್ಚುವುದೂ ಇದ್ದೇ ಇರುತ್ತದೆ. ಮರಿ ದೊಡ್ಡದಾದ ಮೇಲೆ ಎಷ್ಟು ಎತ್ತರ, ಎಂಥ ಸ್ವಭಾವ ಎಂದು ಯಾರೂ ಹೇಳಲಾರರು. ಬೆಳೆದ ನಾಯಿಯಲ್ಲಿ ಇವೆಲ್ಲ ಕಣ್ಣೆದುರಿಗೇ ಇರುತ್ತವೆ. ಶೆಲ್ಟರ್‌ಗಳಲ್ಲಿ ಮರಿಗಳಿಗೆ ಬೇಗ ಮನೆ ಸಿಗುತ್ತದೆ, ಬೆಳೆದ ಒಳ್ಳೊಳ್ಳೆ ನಾಯಿಗಳು ವರ್ಷಗಟ್ಟಲೆ ಉಳಿದುಬಿಡುತ್ತವೆ. ನನಗೆ ಇದು ನಿಜಕ್ಕೂ ಸಂಕಟದ ವಿಷಯ.

ಹೋಗುವ ಮೊದಲು ಫೋನ್ ಮಾಡಿ ಸಮಯ ಕೇಳಿ. ಊಟ ಹಾಕುವ ಹೊತ್ತು, ತೊಳೆಯುವ ಹೊತ್ತು ಬೇಡ. ಆಗ ಎಲ್ಲ ನಾಯಿಗಳೂ ಕೂಗಾಡುತ್ತಿರುತ್ತವೆ, ಕೆಲಸದವರಿಗೂ ಮಾತಾಡಲು ಪುರುಸೊತ್ತು ಇರುವುದಿಲ್ಲ. ಆಧಾರ್ ಪ್ರತಿ, ವಿಳಾಸದ ದಾಖಲೆ, ಮನೆ ಮಾಲಕರು ಒಪ್ಪಿದ್ದಾರೆಂಬ ಒಂದು ಸಾಲಿನ ಸಹಿ ಪತ್ರ, ಬಾಲ್ಕನಿ ಮತ್ತು ಗೇಟಿನ ಫೋಟೊ ಇಟ್ಟುಕೊಳ್ಳಿ. ಮಾಲಕರ ಬಾಯಿಮಾತಿನ ಒಪ್ಪಿಗೆ ನೆಚ್ಚಬೇಡಿ. ದತ್ತು ಹೋದ ನಾಯಿ ವಾಪಸ್ ಬರುವ ಕಾರಣಗಳಲ್ಲಿ ಮನೆ ಬದಲಾವಣೆ ಮತ್ತು ಮಾಲಕರ ತಕರಾರು ಮುಖ್ಯವಾದವು. ಶೆಲ್ಟರಿನವರು ಸುಮ್ಮನೆ ಕೇಳುವಂತೆ ಕೆಲವು ಪ್ರಶ್ನೆ ಕೇಳುತ್ತಾರೆ: ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ, ಮೊದಲು ಸಾಕಿದ್ದು ಏನಾಯಿತು, ರಾತ್ರಿ ಎಲ್ಲಿ ಮಲಗಿಸುತ್ತೀರಿ. ‘ಟೆರೇಸ್ ಮೇಲೆ ಕಟ್ಟುತ್ತೇವೆ’ ಎಂದರೆ ಅಲ್ಲಿಗೆ ಮಾತು ಮುಗಿಯಿತು ಅಂದುಕೊಳ್ಳಿ. ಅದು ಸರಿಯೇ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ ಟೆರೇಸಿನ ನೆಲ ಪಾದ ಸುಡುತ್ತದೆ.

ಮೊದಲ ಭೇಟಿಯಲ್ಲಿ ನಾಯಿಯನ್ನು ಆರಿಸುವುದಕ್ಕೇ ಹೋಗಬೇಡಿ. ಪಂಜರದೊಳಗಿನ ನಡವಳಿಕೆ ಮನೆಯ ನಡವಳಿಕೆಯಲ್ಲ. ಜಾಳಿಗೆಯ ಮೇಲೆ ಹಾರಿ ಬೊಗಳುವ ನಾಯಿ ಹೊರಗೆ ಬಂದ ಕೂಡಲೇ ತಣ್ಣಗಾಗುವುದು ಸಾಮಾನ್ಯ, ಅಡ್ಡ ಇರುವ ಜಾಳಿಗೆಯೇ ಅದನ್ನು ಕೆರಳಿಸಿರುತ್ತದೆ. ಹಿಂದಿನ ಮೂಲೆಯಲ್ಲಿ ಅಲುಗಾಡದೆ ಕೂತದ್ದನ್ನು ‘ಪಾಪ, ಎಷ್ಟು ಸಾಧು’ ಎಂದು ಜನ ಒಯ್ಯುತ್ತಾರೆ. ಅದು ಸಾಧು ಅಲ್ಲ, ಭಯಕ್ಕೆ ಸೆಟೆದುಹೋಗಿರುತ್ತದೆ. ಮೂರು ವಾರದ ಮೇಲೆ ಭಯ ಬಿಟ್ಟಾಗ ಅದರ ನಿಜ ಸ್ವಭಾವ ಕಾಣುತ್ತದೆ. ಆದ್ದರಿಂದ ಎರಡು ಮೂರು ನಾಯಿಗಳನ್ನು ಒಂದೊಂದಾಗಿ ಬೆಲ್ಟ್ (ಹಿಡಿದು ನಡೆಸುವ ಹಗ್ಗ) ಹಾಕಿಸಿ ಹೊರಗೆ ಕರೆಸಿ, ಹತ್ತು ಹದಿನೈದು ನಿಮಿಷ ನಡೆಸಿ. ಎದುರು ನಿಂತು ತಲೆಯ ಮೇಲೆ ಬಗ್ಗಬೇಡಿ. ಪಕ್ಕಕ್ಕೆ ತಿರುಗಿ ಕೂತು, ಅದಾಗಿ ಬರಲಿ ಎಂದು ಕಾಯಿರಿ. ಸ್ವಲ್ಪ ದೂರದಲ್ಲಿ ಒಂದು ಸ್ಟೀಲ್ ತಾಟು ಬೀಳಿಸಲು ಹೇಳಿ. ಬೆಚ್ಚುವುದು ಸಹಜ, ಬೆಚ್ಚಿದ ಮೇಲೆ ಅರ್ಧ ನಿಮಿಷದಲ್ಲಿ ಮತ್ತೆ ಮೂಸಲು ಬಂದರೆ ಅಂಥ ನಾಯಿ ಹುಬ್ಬಳ್ಳಿಯ ಟ್ರಾಫಿಕ್ಕಿಗೆ ಹೊಂದಿಕೊಳ್ಳುತ್ತದೆ. ಮಗಳು ಹತ್ತಿರ ಬಂದಾಗ ಬಾಯಿ ಮುಚ್ಚಿ ಮೈ ಬಿಗಿ ಹಿಡಿದರೆ, ಕಣ್ಣಿನ ಬಿಳಿಭಾಗ ತೋರಿಸಿದರೆ, ಮೇಲಿಂದ ಮೇಲೆ ಆಕಳಿಸಿ ತುಟಿ ನೆಕ್ಕಿದರೆ ಅದಕ್ಕೆ ಮಕ್ಕಳು ಇರಿಸುಮುರಿಸು. ಬಾಲ ಆಡಿಸುತ್ತಿದೆ ಎಂಬುದೊಂದನ್ನೇ ನಂಬಬೇಡಿ. ಮೇಲಕ್ಕೆ ಸೆಟೆದು ಸಣ್ಣಗೆ ಅಲುಗುವ ಬಾಲ ಎಚ್ಚರಿಕೆಯ ಗುರುತು.

ಮೈ ನೋಡುವುದಕ್ಕೆ ಡಾಕ್ಟರೇ ಆಗಬೇಕಿಲ್ಲ. ತುಟಿ ಎತ್ತಿಸಿ ಒಸಡು ನೋಡಿ. ಗುಲಾಬಿ ಬಣ್ಣ ಇರಬೇಕು, ಬೆರಳಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಬಿಳಿಚಿಕೊಂಡಿದ್ದರೆ ಉಣ್ಣಿ ಜ್ವರ ಅಥವಾ ಜಂತುಹುಳದ ಸಂಶಯ. ಉಣ್ಣಿ ಹುಡುಕಬೇಕಾದ ಜಾಗ ಬೆನ್ನಲ್ಲ, ಕಿವಿಯ ಒಳಗೆ, ಬೆರಳ ಸಂದಿ, ಕೊರಳ ಪಟ್ಟಾದ ಕೆಳಗೆ. ಮೂಗಿನಿಂದ ಗಟ್ಟಿ ಹಳದಿ ಸಿಂಬಳ, ಕಣ್ಣಿಗೆ ಪಿಸರು, ಜೊತೆಗೆ ಒಂದು ಕಾಲೋ ದವಡೆಯೋ ತಾನಾಗಿ ಕುಣಿಯುತ್ತಿದ್ದರೆ ಅದು ಡಿಸ್ಟೆಂಪರ್ ಎಂಬ ಅಂಟುರೋಗ ಇರಬಹುದು. ಆ ನಾಯಿಯನ್ನಷ್ಟೇ ಅಲ್ಲ, ಅದರ ಪಕ್ಕದ ಪಂಜರದ ನಾಯಿಯನ್ನೂ ಸದ್ಯ ತರಬೇಡಿ. ಕಿವಿಯ ಅಂಚು, ಮೊಣಕೈ ಮೇಲೆ ಕೂದಲು ಉದುರಿ ಹೊಪ್ಪಳೆಗಟ್ಟಿ ವಿಪರೀತ ಕೆರೆದುಕೊಳ್ಳುವ ಹುರುಕು ಮನುಷ್ಯರಿಗೂ ಕೆಲ ದಿನ ತುರಿಕೆ ತರುತ್ತದೆ, ಚಿಕಿತ್ಸೆ ಮುಗಿಸಿಕೊಂಡೇ ಬರಲಿ. ಬೆಳೆದ ಬೀದಿನಾಯಿಗಳಲ್ಲಿ ಗುಪ್ತಾಂಗದಿಂದ ಹನಿಹನಿ ರಕ್ತ ಬರುವ ಒಂದು ಗಡ್ಡೆ ರೋಗವಿದೆ, ಡಾಕ್ಟರುಗಳು ಟಿವಿಟಿ ಎನ್ನುತ್ತಾರೆ. ಹೆದರಿಕೆ ಹುಟ್ಟಿಸಿದರೂ ವಾರಕ್ಕೊಂದು ಇಂಜೆಕ್ಷನ್‌ನಂತೆ ನಾಲ್ಕರಿಂದ ಆರು ಕೊಟ್ಟರೆ ಬಹುತೇಕ ಗುಣವಾಗುತ್ತದೆ. ಅಷ್ಟಕ್ಕೇ ಒಳ್ಳೆ ನಾಯಿಯನ್ನು ಬಿಡಬೇಡಿ. ಹಳೆಯ ಮುರಿತ ಕೂಡಿಕೊಂಡು ಸ್ವಲ್ಪ ಕುಂಟುವ ನಾಯಿಯನ್ನೂ ಅಷ್ಟೇ. ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತು ಇದ್ದರೆ ಸಂತಾನಹರಣ ಆಪರೇಷನ್ ಆಗಿದೆ ಎಂದರ್ಥ.

ಲಸಿಕೆ ಪುಸ್ತಕ ಕೈಗೆ ತೆಗೆದುಕೊಂಡು ಓದಿ. ‘ಎಲ್ಲ ಹಾಕಿಸಿದೆ’ ಎಂಬ ಮಾತಿಗಿಂತ ಬಾಟಲಿಯಿಂದ ಕಿತ್ತು ಅಂಟಿಸಿದ ಚೀಟಿ, ದಿನಾಂಕ, ಡಾಕ್ಟರ ಸಹಿ ಮುಖ್ಯ. ಬೆಳೆದ ನಾಯಿಗೆ ರೇಬೀಸ್ ಲಸಿಕೆ ಮತ್ತು ಡಿಸ್ಟೆಂಪರ್-ಪಾರ್ವೊ ಇತ್ಯಾದಿಗಳ ಸಂಯುಕ್ತ ಲಸಿಕೆ, ಎರಡೂ ಆಗಿರಬೇಕು. ಇಷ್ಟಾದ ಮೇಲೂ ಮರಿಯೇ ಬೇಕೆಂದರೆ ಲೆಕ್ಕ ಹೀಗೆ: ಆರರಿಂದ ಎಂಟು ವಾರಕ್ಕೆ ಮೊದಲ ಸಂಯುಕ್ತ ಲಸಿಕೆ, ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ, ಹದಿನಾರು ವಾರ ತುಂಬುವ ತನಕ; ಮೂರು ತಿಂಗಳಿಗೆ ರೇಬೀಸ್, ಆಮೇಲೆ ಡಾಕ್ಟರು ಹೇಳಿದಂತೆ ಬೂಸ್ಟರ್. ಒಂದೇ ಇಂಜೆಕ್ಷನ್ ಆದ ಮರಿಗೆ ‘ಲಸಿಕೆ ಆಗಿದೆ’ ಎಂದು ತಿಳಿಯುವುದೇ ಮರಿಗಳು ಸಾಯುವುದಕ್ಕೆ ದೊಡ್ಡ ಕಾರಣ. ತಾಯಿಯ ಹಾಲಿನಿಂದ ಬಂದ ರೋಗನಿರೋಧಕ ಅಂಶ ಮೊದಲ ಲಸಿಕೆಯನ್ನು ನಿಷ್ಫಲ ಮಾಡಬಹುದು, ಅದಕ್ಕೇ ಮತ್ತೆ ಮತ್ತೆ ಹಾಕುವುದು. ಪಾರ್ವೊ ತಗುಲಿದ ಮರಿ ಮೂರರಿಂದ ಏಳು ದಿನ ಚೆನ್ನಾಗಿಯೇ ಓಡಾಡಿಕೊಂಡಿದ್ದು ಆಮೇಲೆ ವಾಂತಿ, ರಕ್ತಭೇದಿಗೆ ಬೀಳುತ್ತದೆ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಮಾಮೂಲಿ ಫಿನಾಯಿಲ್‌ಗೆ ಬಗ್ಗುವುದಿಲ್ಲ. ಮೊದಲು ಹೊಲಸು ಪೂರ್ತಿ ತೊಳೆದು, ನಂತರ ಲೀಟರ್ ನೀರಿಗೆ ಸುಮಾರು 30 ಮಿ.ಲೀ. ಮನೆಬಳಕೆಯ ಬ್ಲೀಚ್ ಬೆರೆಸಿ ನೆಲದ ಮೇಲೆ ಹತ್ತು ನಿಮಿಷ ನಿಲ್ಲಿಸಬೇಕು. ಹೊಲಸಿನ ಮೇಲೇ ಸುರಿದರೆ ಬ್ಲೀಚ್ ಕೆಲಸ ಮಾಡುವುದಿಲ್ಲ.

ಪುಸ್ತಕಕ್ಕಿಂತ ಹೆಚ್ಚು ಹೇಳುವವರು ದಿನಾ ಊಟ ಹಾಕುವ ಕೆಲಸದವರು. ಅಣ್ಣಾರ ಎಂದೋ ಅಕ್ಕಾರ ಎಂದೋ ಮಾತಿಗೆ ಕೂತು ಕೇಳಿ: ತಾಟಿನ ಹತ್ತಿರ ಕೈ ಒಯ್ದರೆ ಗುರ್ ಅನ್ನುತ್ತದೆಯೇ, ಬೆಕ್ಕು ಕಂಡರೆ ಏನು ಮಾಡುತ್ತದೆ, ಗಾಡಿ ಬೆನ್ನು ಹತ್ತುವ ಚಾಳಿ ಇದೆಯೇ, ಯಾರನ್ನಾದರೂ ಕಚ್ಚಿದೆಯೇ, ಯಾಕೆ ಇಲ್ಲಿಗೆ ಬಂತು, ಈಗ ಏನು ತಿನ್ನುತ್ತದೆ. ಇನ್ನೊಂದು ದಿನ ಮನೆಯವರೆಲ್ಲ, ಅತ್ತೆಯವರೂ ಸೇರಿ, ಮತ್ತೆ ಹೋಗಿ ಅದೇ ನಾಯಿಯನ್ನು ನೋಡಿ. ಎರಡೂ ದಿನ ಒಂದೇ ಥರ ಇದ್ದರೆ ಮಾತು ಪಕ್ಕಾ ಮಾಡಿ.

ತರುವ ದಿನ ಆರಿಸುವಾಗ ಪಂಚಾಂಗ ನೋಡಬೇಕು, ಮುಹೂರ್ತಕ್ಕಲ್ಲ, ಸದ್ದಿಗೆ. ಗಣೇಶನ ಹನ್ನೊಂದು ದಿನ, ದೀಪಾವಳಿ, ಹೋಳಿಯ ಜಗ್ಗಲಗಿ ಬಾರಿಸುವ ವಾರ, ರಂಗಪಂಚಮಿ, ಇವುಗಳ ಹಿಂದಿನ ಹದಿನೈದು ದಿನ ಹೊಸ ನಾಯಿ ತರಬೇಡಿ. ತಂದ ಮೊದಲ ವಾರವೇ ನಾಯಿ ಕಳೆದುಹೋಗುವುದು ಹೆಚ್ಚು. ಗೇಟು ತೆರೆದ ಗಳಿಗೆಯಲ್ಲಿ ಪಟ್ಟಾದಿಂದ ತಲೆ ಜಾರಿಸಿಕೊಂಡು ಓಡುತ್ತದೆ, ಹೊಸ ಓಣಿಯ ದಾರಿ ಅದಕ್ಕೆ ಗೊತ್ತಿರುವುದಿಲ್ಲ. ಊರನಾಯಿಗಳ ಕುತ್ತಿಗೆ ತಲೆಯಷ್ಟೇ ದಪ್ಪ, ಸಾದಾ ಪಟ್ಟಾ ಹಿಂದಕ್ಕೆ ಜಗ್ಗಿದರೆ ಸಲೀಸಾಗಿ ಕಳಚುತ್ತದೆ. ಎರಡು ಬೆರಳು ಹಿಡಿಸುವಷ್ಟು ಸಡಿಲಿನ ಪಟ್ಟಾ, ಅದರ ಜೊತೆಗೆ ಎದೆಗೆ ಹಾಕುವ ಹಾರ್ನೆಸ್, ಎರಡಕ್ಕೂ ಬೇರೆ ಬೇರೆ ಬೆಲ್ಟ್, ಪಟ್ಟಾದ ಮೇಲೆ ಫೋನ್ ನಂಬರ್. ಮೊದಲ ತಿಂಗಳು ಮೆಟ್ಟಿಲು ಇಳಿಸುವವರು ನೀವೇ ಆಗಿರಿ, ಅತ್ತೆಯವರ ಕೈಗೆ ಬೆಲ್ಟ್ ಕೊಡಬೇಡಿ. ಬೈಕ್ ಮೇಲೆ ತರಲೇಬೇಡಿ. ಕಾರು ಅಥವಾ ಆಟೋ ಮಾಡಿ, ಹೊರಡುವ ಎರಡು ಮೂರು ತಾಸು ಮೊದಲು ಊಟ ಬೇಡ.

ಮನೆಯಲ್ಲಿ ಮೊದಲ ಮೂರು ದಿನ ಒಂದು ಮೂಲೆ, ಒಂದು ಹಾಸಿಗೆ, ನೀರು, ಅಷ್ಟೇ. ಸ್ನಾನ, ನೆಂಟರ ದರ್ಶನ, ಫೋಟೊ ಎಲ್ಲ ಆಮೇಲೆ. ತಿನ್ನದೇ ಇರುವುದು, ಎರಡನೇ ದಿನ ತೆಳುವಾಗಿ ಹೇಲುವುದು ಸಾಮಾನ್ಯ. ರಕ್ತ ಬಂದರೆ, ವಾಂತಿ ನಿಲ್ಲದಿದ್ದರೆ, ನೀರೂ ಕುಡಿಯದಿದ್ದರೆ ಅಂದೇ ಆಸ್ಪತ್ರೆ. ಮೊದಲ ವಾರ ಶೆಲ್ಟರ್‌ನಲ್ಲಿ ಹಾಕುತ್ತಿದ್ದುದನ್ನೇ ಹಾಕಿ, ಆಮೇಲೆ ಏಳು ದಿನದಲ್ಲಿ ಕಾಲುಕಾಲು ಪಾಲು ಬದಲಿಸಿ. ನಮ್ಮ ಕಡೆ ಹಾಲು-ರೊಟ್ಟಿಯಲ್ಲೇ ನಾಯಿ ಸಾಕುವ ರೂಢಿ ಇದೆ. ಜೋಳದ ರೊಟ್ಟಿ ಹೊಟ್ಟೆ ತುಂಬಿಸುತ್ತದೆ, ಪ್ರೋಟೀನ್ ಸಾಲುವುದಿಲ್ಲ, ಹಾಲು ಬಹಳ ನಾಯಿಗಳಿಗೆ ಭೇದಿ ತರುತ್ತದೆ. ಉಪ್ಪು ಖಾರ ಇಲ್ಲದ ತತ್ತಿ ಅಥವಾ ಬೇಯಿಸಿದ ಕೋಳಿ, ಮೂಳೆ ತೆಗೆದು, ದಿನವೂ ಸೇರಲಿ. ಮನೆಯಲ್ಲಿ ಮಾಂಸಾಹಾರ ಇಲ್ಲದಿದ್ದರೆ ಒಣ ಡಾಗ್ ಫುಡ್ ಸುಲಭ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ವಿಷ. ಉಳ್ಳಾಗಡ್ಡಿ ಹಾಕಿದ ಸಾರು ಕಲಸಿದ ಅನ್ನವೂ ಅದರಲ್ಲೇ ಬಂತು ಎಂಬುದನ್ನು ಅತ್ತೆಯವರಿಗೆ ಬಿಡಿಸಿ ಹೇಳಿ.

ಮೊದಲ ದಿನದಿಂದಲೇ ಐದು ನಿಮಿಷ, ಹದಿನೈದು ನಿಮಿಷ ಹೊರಹೋಗಿ ಬನ್ನಿ. ಸದ್ದಿಲ್ಲದೆ ಹೋಗಿ, ಸದ್ದಿಲ್ಲದೆ ಬನ್ನಿ. ವಾರಪೂರ್ತಿ ರಜೆ ಹಾಕಿ ಪಕ್ಕದಲ್ಲೇ ಕೂತು, ಎಂಟನೇ ದಿನ ಒಮ್ಮೆಲೇ ಆಫೀಸಿಗೆ ಹೋದರೆ ನಾಯಿ ಬಾಗಿಲು ಪರಚಿ ಕೂಗುತ್ತದೆ, ಕೆಳಮನೆಯವರ ತಕರಾರು ಅಲ್ಲಿಂದ ಶುರು. ಮಗಳಿಗೆ ಮೂರೇ ನಿಯಮ: ಉಣ್ಣುವಾಗ ಮುಟ್ಟಬಾರದು, ಮಲಗಿದಾಗ ಎಬ್ಬಿಸಬಾರದು, ಅಪ್ಪಿಕೊಳ್ಳಬಾರದು. ದೊಡ್ಡವರಿಲ್ಲದೆ ಇಬ್ಬರನ್ನೇ ಬಿಡುವುದು ಮೊದಲ ಮೂರು ತಿಂಗಳು ಬೇಡ. ಹಲ್ಲು ಅಥವಾ ಉಗುರು ತಾಗಿ ಚರ್ಮ ತರಚಿದರೂ ನಾಯಿಗೆ ಲಸಿಕೆ ಆಗಿದೆ ಎಂದು ಸುಮ್ಮನಿರಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ) ಆಸ್ಪತ್ರೆಗೋ, ಧಾರವಾಡದವರಾದರೆ ಜಿಲ್ಲಾ ಆಸ್ಪತ್ರೆಗೋ ಹೋಗಿ. ರೇಬೀಸ್ ತಡೆಗೆ ಚರ್ಮದೊಳಗೆ ಕೊಡುವ ಇಂಜೆಕ್ಷನ್ನಿನ ಸರಣಿ 0, 3, 7, 28ನೇ ದಿನ. ಅರಿಶಿನ, ಸುಣ್ಣ, ಖಾರದಪುಡಿ ಗಾಯಕ್ಕೆ ಬೇಡ.

ಉಣ್ಣಿ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಹೊಸಬರು ಸೋಲುವುದು ಇಲ್ಲೇ. ನಾಯಿಯ ಉಣ್ಣಿ ರಕ್ತ ಹೀರಿ ಕೆಳಗೆ ಬಿದ್ದು ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಕಿತ್ತು ಹಾಕಿದ್ದಕ್ಕೆ ಮುಗಿಯುವುದಿಲ್ಲ. ನಾಯಿಯ ತೂಕ ನೋಡಿ ಡಾಕ್ಟರು ಕೊಡುವ ಮಾತ್ರೆ ಅಥವಾ ಕುತ್ತಿಗೆಗೆ ಹಾಕುವ ಹನಿ, ಜೊತೆಗೆ ಸಂದಿಗಳ ಸ್ವಚ್ಛತೆ, ಎರಡೂ ಕೆಲವು ತಿಂಗಳು ನಡೆಯಬೇಕು. ದನಕ್ಕೆ ಹಚ್ಚುವ ಔಷಧವನ್ನು ಅಂದಾಜಿನಲ್ಲಿ ಬೆರೆಸಿ ಬಳಿಯಬೇಡಿ, ನೆಕ್ಕಿಕೊಂಡರೆ ನಡುಕ, ವಾಂತಿ ಬರುತ್ತದೆ. ಮನೆಯಲ್ಲಿ ಬೆಕ್ಕಿದ್ದರಂತೂ ಪರ್ಮೆಥ್ರಿನ್ ಇರುವ ನಾಯಿ ಔಷಧ ಬೆಕ್ಕಿನ ಪ್ರಾಣವನ್ನೇ ತೆಗೆಯಬಹುದು.

ನಾಯಿಗೂ ನಿಮಗೂ ಹೊಂದಿಕೆಯಾಗದೆ ಹೋದರೆ ಶೆಲ್ಟರ್‌ಗೇ ಫೋನ್ ಮಾಡಿ. ವಾಪಸ್ ಕೊಡುವುದು ನಾಚಿಕೆಯ ವಿಷಯವಲ್ಲ, ದತ್ತು ಕರಾರಿನಲ್ಲಿ ಆ ಸಾಲು ಇದೆಯೇ ಎಂದು ಸಹಿಗೆ ಮುಂಚೆಯೇ ನೋಡಿ. ಬೀದಿಯಲ್ಲಿ ಬಿಟ್ಟುಬರುವುದು ಮಾತ್ರ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಪಾಲಿಕೆ ಮೂಲಕ ಬೀದಿನಾಯಿಯನ್ನು ದತ್ತು ಪಡೆದವರಿಗೆ ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆಯನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಹೊರಿಸಿದೆ.

ಇನ್ನೊಂದು ಕೆಲಸ ಈಗಲೇ ಕ್ಯಾಲೆಂಡರಿನಲ್ಲಿ ಬರೆದಿಡಿ: ನಾಯಿ ಮನೆಗೆ ಬಂದ ಮೂರನೇ ವಾರಕ್ಕೆ ಒಂದು ರಕ್ತ ಪರೀಕ್ಷೆ. ಶೆಲ್ಟರ್‌ನಲ್ಲಿ ಕಚ್ಚಿದ ಉಣ್ಣಿಯ ಜ್ವರ ಒಂದರಿಂದ ಮೂರು ವಾರ ತಡೆದು ಹೊರಬೀಳುತ್ತದೆ. ಪ್ಲೇಟ್‌ಲೆಟ್ ಎಣಿಕೆ, ರಕ್ತದ ಸ್ಮಿಯರ್ (ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಎರಡನ್ನೂ ಕೇಳಿ ಮಾಡಿಸಿ. ಅದಕ್ಕೂ ಮೊದಲೇ ಊಟ ಬಿಟ್ಟರೆ, ಮೂಗಿನಿಂದ ರಕ್ತ ಬಂದರೆ, ಒಸಡು ಬಿಳಿಚಿದರೆ ಮೂರನೇ ವಾರಕ್ಕೆ ಕಾಯಬೇಡಿ.