ಭೂತಾನ್‌ಗೆ ಸ್ವಂತ ಸೈನ್ಯ ಇದೆಯಾ, ಇಲ್ಲಾ ಎಲ್ಲಾ ಇಂಡಿಯಾದವ್ರೇ ನೋಡ್ಕೋತಾರಾ?

ಇದೆ ರೀ, ರಾಯಲ್ ಭೂತಾನ್ ಆರ್ಮಿ ಅಂತ. 2017ರಲ್ಲಿ ಭೂತಾನ್ ಗಡಿಯ ಡೋಕ್ಲಾಮ್‌ನಲ್ಲಿ ಚೀನಾ ಜೊತೆ ಆದ ಗಲಾಟೆಲಿ ನಮ್ ಇಂಡಿಯಾ ಸೈನಿಕರೇ ಮುಂದೆ ನಿಂತಿದ್ದು ನೋಡಿ ಅವ್ರಿಗೆ ಸೈನ್ಯಾನೇ ಇಲ್ಲ ಅಂದ್ಕೊಂಡವ್ರು ತುಂಬಾ ಜನ.

ಆದ್ರೆ ಖಾಯಂ ಸೈನ್ಯ ಅನ್ನೋದು ಅಲ್ಲಿ ಇತ್ತೀಚಿನದ್ದು. ಮೊದ್ಲೆಲ್ಲ ಒಂದೊಂದು ಕಣಿವೆಗೆ ಒಂದು ಜೋಂಗ್, ಕೋಟೆನೂ ಅದೇ, ಮಠಾನೂ ಅದೇ, ಕಚೇರಿನೂ ಅದೇ, ಅದ್ರಲ್ಲಿ ಒಂದಷ್ಟು ಕಾವಲಿನವ್ರು, ಯುದ್ಧ ಬಂತು ಅಂದ್ರೆ ಊರಿನ ಗಂಡಸ್ರು ಬಿಲ್ಲು ಬಾಣ ಕತ್ತಿ ಹಿಡ್ಕೊಂಡು ಹೊರಡ್ಬೇಕು ಅಷ್ಟೇ. 17ನೇ ಶತಮಾನದಲ್ಲಿ ಟಿಬೆಟ್‌ನವ್ರನ್ನ ಮತ್ತೆ ಮತ್ತೆ ಹಿಮ್ಮೆಟ್ಟಿಸಿದ್ದು ಇಂಥವ್ರೇ. 1864-65ರ ದುವಾರ್ ಯುದ್ಧದಲ್ಲಿ ಬ್ರಿಟಿಷರ ಎದುರು ಸೋತ್ರು ನಿಜ, ಆದ್ರೆ ಸೋಲೋಕ್ ಮುಂಚೆ ದೇವನ್‌ಗಿರಿ ಅನ್ನೋ ಊರಲ್ಲಿ ಬ್ರಿಟಿಷರನ್ನ ಓಡಿಸಿ ಎರಡು ಫಿರಂಗಿನೇ ಕಿತ್ಕೊಂಡಿದ್ರು! ಆಮೇಲೆ ಯುದ್ಧ ಮುಗಿಸಿದ ಸಿಂಚುಲಾ ಒಪ್ಪಂದದ ಟೈಮಲ್ಲಿ ಅದನ್ನ ವಾಪಸ್ ಕೊಡ್ಬೇಕಾಯ್ತು.

ಈಗಿನ ಸೈನ್ಯ ಹುಟ್ಟಿದ್ದು ಟಿಬೆಟ್‌ಗೆ ಚೀನಾ ನುಗ್ಗಿದ ಮೇಲೆ. ಪಕ್ಕದ ಮನೆಗೇ ಹೀಗಾದ್ರೆ ನಮ್ ಗತಿ ಏನು ಅಂತ ಭಯ, ಜೊತೆಗೆ ದೆಹಲಿಯ ಒತ್ತಾಯ ಬೇರೆ, ಹಾಗಾಗಿ ಮೂರನೇ ರಾಜ ಜಿಗ್ಮೆ ದೋರ್ಜಿ ವಾಂಗ್‌ಚುಕ್ 50ರ ದಶಕದಲ್ಲಿ ಸೈನ್ಯ ಕಟ್ಟೋಕೆ ಶುರು ಮಾಡಿದ್ರು, 1959ರಲ್ಲಿ ಟಿಬೆಟ್‌ನ ರಾಜಧಾನಿ ಲ್ಹಾಸಾದಲ್ಲಿ ಚೀನಾ ವಿರುದ್ಧ ದಂಗೆ ಆಗಿ ನಿರಾಶ್ರಿತರು ಗಡಿ ದಾಟಿ ಬರೋಕ್ ಶುರುವಾದ್ಮೇಲಂತೂ ಅರ್ಜೆಂಟೇ ಆಯ್ತು. 60ರ ದಶಕದ ಶುರುವಲ್ಲಿ ಇಂಡಿಯಾದ ಟ್ರೈನಿಂಗ್ ಟೀಮ್ 'ಇಮ್‌ಟ್ರಾಟ್' ಭೂತಾನ್‌ನ 'ಹಾ' ಅನ್ನೋ ಕಣಿವೆಗೆ ಹೋಯ್ತು, ಇವತ್ತಿಗೂ ಅಲ್ಲೇ ಇದೆ. ಏರ್‌ಫೋರ್ಸ್ ಇಲ್ಲ, ಅದಕ್ಕೆ ನಮ್ಮನ್ನೇ ನಂಬ್ಕೊಂಡಿದಾರೆ. ಅಷ್ಟರ ಮಟ್ಟಿಗೆ ನಿಮ್ ಡೌಟು ಸರಿನೇ.

ಹೊಸ ಸೈನ್ಯ ಶುರುವಲ್ಲೇ ದೊಡ್ಡ ರಾದ್ಧಾಂತಕ್ಕೂ ಸಿಕ್ಕಾಕೊಳ್ತು. 1964ರಲ್ಲಿ ಪ್ರಧಾನಿ ಜಿಗ್ಮೆ ಪಾಲ್ಡೆನ್ ದೋರ್ಜಿನ ಫುಂಟ್‌ಶೋಲಿಂಗ್‌ನಲ್ಲಿ ಗುಂಡಿಟ್ಟು ಕೊಂದ್ರು, ಆ ಸಂಚಿಗಾಗಿ ಸೇನೆಯ ಮುಖ್ಯಸ್ಥನಿಗೇ ಮರಣದಂಡನೆ ಆಯ್ತು.

ಬರೀ ಪರೇಡ್ ಸೈನ್ಯ ಅಂತೀರಾ, 2003ರ ಡಿಸೆಂಬರ್ ನೋಡಿ. ದಕ್ಷಿಣದ ಕಾಡಲ್ಲಿ ಇಂಡಿಯಾದ ಅಸ್ಸಾಂ, ಉತ್ತರ ಬಂಗಾಳ ಕಡೆಯ ಉಲ್ಫಾ, ಬೋಡೋ, ಕಾಮತಾಪುರ ಸಂಘಟನೆಗಳ ಉಗ್ರರು ಸುಮಾರು 30 ಕ್ಯಾಂಪ್ ಹಾಕ್ಕೊಂಡು ವರ್ಷಗಟ್ಲೆ ಕೂತಿದ್ರು, ಮಾತುಕತೆಗೆ ಬಗ್ಗಲಿಲ್ಲ, ಕೊನೆಗೆ ನಾಲ್ಕನೇ ರಾಜ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ತಾವೇ ಮುಂದೆ ನಿಂತು ದಾಳಿ ಮಾಡ್ಸಿದ್ರು. ಕೆಲವೇ ದಿನದಲ್ಲಿ ಎಲ್ಲಾ ಕ್ಯಾಂಪ್ ಖಾಲಿ. ಥಿಂಪುನಿಂದ ಪುನಾಖಾಗೆ ಹೋಗೋವಾಗ ಡೋಚುಲಾದಲ್ಲಿ ಎಲ್ರೂ ಫೋಟೋ ತೆಗೆಸ್ಕೊಳ್ಳೋ 108 ಸ್ತೂಪ ಇದಾವಲ್ಲ, ಅದು ಈ ಕಾರ್ಯಾಚರಣೆಯ ನೆನಪಿಗೆ ಕಟ್ಟಿದ್ದು.

ಇನ್ನೊಂದು ಮಜಾ ವಿಷ್ಯ, ಈ ಸೇನೆಗೆ ಸ್ವಂತ ಡಿಸ್ಟಿಲರಿ ಇದೆ. 1976ರಲ್ಲಿ ಶುರುವಾದ ಆರ್ಮಿ ವೆಲ್‌ಫೇರ್ ಪ್ರಾಜೆಕ್ಟ್, ವಿಸ್ಕಿ ರಮ್ ಮಾರಿದ ದುಡ್ಡು ರಿಟೈರ್ ಆದ ಸೈನಿಕರ ಕಲ್ಯಾಣಕ್ಕೆ ಹೋಗತ್ತೆ.