ಸ್ಟೋರ್ ಅವರದು, ರೂಲ್ಸ್ ಕೂಡ ಅವರದೇ ಅಲ್ವಾ?

ಪ್ರಶ್ನೆ: ಪ್ಲೇ ಸ್ಟೋರ್ ಕಟ್ಟಿದ್ದು ಗೂಗಲ್. ತನ್ನ ಸ್ಟೋರಿಗೆ ತಾನೇ ನಿಯಮ ಮಾಡಿದರೆ ತಪ್ಪೇನು ಸಾರ್? ದಂಡ ಯಾಕೆ?
– ಓದುಗರೊಬ್ಬರು, ಹಾಸನ

ಉತ್ತರ: ನಿಯಮ ಮಾಡುವುದು ತಪ್ಪಲ್ಲ. ಮೋಸದ ಆ್ಯಪ್‌ಗಳನ್ನು ತಡೆಯಲೇಬೇಕು. ಕಂಪನಿ ದೊಡ್ಡದಾಗಿರುವುದೂ ನಮ್ಮ ಕಾನೂನಿನಲ್ಲಿ ಅಪರಾಧವಲ್ಲ, ಆ ಬಲವನ್ನು ಹೇಗೆ ಬಳಸಿದರು ಅನ್ನೋದೇ ಪ್ರಶ್ನೆ.

ದುಡ್ಡಿನ ದಾರಿ ನೋಡಿ. ಆ್ಯಪ್ ಒಳಗೆ ನೀವು 100 ರೂಪಾಯಿ ಚಂದಾ ಕಟ್ಟಿದರೆ ಸಾಮಾನ್ಯವಾಗಿ 15ರಿಂದ 30 ರೂಪಾಯಿ ಗೂಗಲ್‌ಗೆ ಹೋಗುತ್ತಿತ್ತು, ಅದೂ ಅವರದೇ ಬಿಲ್ಲಿಂಗ್ ಮೂಲಕವೇ ಕಟ್ಟಬೇಕಿತ್ತು, ‘ನಮ್ಮ ವೆಬ್‌ಸೈಟಿನಲ್ಲಿ ಕಮ್ಮಿಗೆ ಸಿಗುತ್ತೆ’ ಅಂತ ಆ್ಯಪ್‌ನಲ್ಲಿ ಹೇಳುವ ಹಾಗೂ ಇರಲಿಲ್ಲ. ಗೂಗಲ್‌ನದೇ ಆದ ಯೂಟ್ಯೂಬ್‌ಗೆ ಮಾತ್ರ ಈ ಕಟ್ಟುಪಾಡಿರಲಿಲ್ಲ! ಇದನ್ನೆಲ್ಲ ನೋಡಿಯೇ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ 936 ಕೋಟಿ ದಂಡ ಹಾಕಿತು. 2025ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಸುಮಾರು 216 ಕೋಟಿಗೆ ಇಳಿಸಿತು, ಆದರೆ ಬಲದ ದುರುಪಯೋಗ ಆಗಿದೆ ಅನ್ನೋದನ್ನು ಒಪ್ಪಿತು.

‘ಇಷ್ಟವಿಲ್ಲದಿದ್ದರೆ ಬೇರೆ ಕಡೆ ಹೋಗಲಿ’ ಅನ್ನುವುದು ಸುಲಭ. ಹೋಗುವುದೆಲ್ಲಿಗೆ? 2024ರ ಮಾರ್ಚ್‌ನಲ್ಲಿ ಶುಲ್ಕದ ಜಗಳಕ್ಕೆ ನೌಕ್ರಿ, ಶಾದಿ, ಭಾರತ್ ಮ್ಯಾಟ್ರಿಮೋನಿಯಂಥ ಆ್ಯಪ್‌ಗಳನ್ನೇ ಪ್ಲೇ ಸ್ಟೋರಿನಿಂದ ತೆಗೆದರು, ಸರ್ಕಾರ ಮಧ್ಯೆ ಬಂದ ಮೇಲೆ ಕೆಲವೇ ದಿನಗಳಲ್ಲಿ ವಾಪಸ್ ಹಾಕಿದರು. ಅಷ್ಟು ದೊಡ್ಡವರಿಗೇ ಹೀಗಾದರೆ ಇಬ್ಬರೋ ಮೂವರೋ ಸೇರಿ ಕನ್ನಡ ಕಲಿಕೆಯ ಆ್ಯಪ್ ಮಾಡುವವರು ಎಲ್ಲಿ ಹೋಗಬೇಕು? ನನ್ನ ಪ್ರಕಾರ ಇದು ಸ್ಪರ್ಧೆಯನ್ನು ಹೊಸಕುವುದೇ. ಆ್ಯಪಲ್ ಇನ್ನೂ ಬಿಗಿ: ನಮ್ಮಲ್ಲಿ ಐಫೋನಿಗೆ ಇನ್ನೊಂದು ಸ್ಟೋರ್ ಹಾಕಿಕೊಳ್ಳಲು ಬಿಡುವುದಿಲ್ಲ. ಯುರೋಪ್ ಒಕ್ಕೂಟ 2022ರಲ್ಲಿ ಕಾನೂನು ತಂದು, 2024ರಲ್ಲಿ ಆ ಬಾಗಿಲು ತೆರೆಸಿತು.

ಚಂದಾ ಕಟ್ಟುವ ಮೊದಲು ಒಮ್ಮೆ ಆ ಕಂಪನಿಯ ವೆಬ್‌ಸೈಟಿನಲ್ಲಿ ದರ ನೋಡಿ, ಕೆಲವು ಸಲ ಅಲ್ಲಿ ಕಮ್ಮಿ ಇರುತ್ತದೆ.